ಹೊತ್ತೊಯ್ಯುವ ಅಕ್ಷರ: ಸಾಮಾನಗಡದ ತಾಮ್ರಪಟದಿಂದ ಎಸ್‌ಎಸ್‌ಡಿ ತನಕ

ನನ್ನ ವಿಷಯ ಹಸ್ತಪ್ರತಿಯ ಇತಿಹಾಸವೇ, ಆದರೆ ಪಾಠಾಂತರ, ಗ್ರಂಥಸಂಪಾದನೆಯ ದಿಕ್ಕಿನಿಂದ ಅಲ್ಲ. ಬರೆದದ್ದನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ಯಲು ನಮ್ಮ ಜನ ಏನೇನು ಮಾಡಿಕೊಂಡರು, ಒಯ್ದದ್ದರಲ್ಲಿ ಯಾವುದು ಉಳಿಯಿತು, ಯಾಕೆ ಉಳಿಯಿತು, ಇಷ್ಟೇ ಪ್ರಶ್ನೆ.

ಈ ಪ್ರಶ್ನೆ ಈಗ ಏಳಲು ಕಾರಣ ಇದೆ. ಇವತ್ತು ಓಲೆಗರಿ, ಹಳೇ ಕಾಗದ ಸ್ಕ್ಯಾನ್ ಮಾಡಲು ಹಳ್ಳಿಗೆ ಹೋಗುವವರ ಚೀಲದಲ್ಲಿ ಕ್ಯಾಮೆರಾದ ಜೊತೆ ಅಂಗೈ ಅಗಲದ ಒಂದು ಎಸ್‌ಎಸ್‌ಡಿ ಇರುತ್ತದೆ. ಮೇಲೆ ರಬ್ಬರಿನ ಕವಚ. ಇಷ್ಟು ಎತ್ತರದಿಂದ ಬಿದ್ದರೂ ಏನೂ ಆಗುವುದಿಲ್ಲ, ಧೂಳು ಹೋಗುವುದಿಲ್ಲ, ನೀರು ಬಿದ್ದರೂ ನಡೀತದೆ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಅದನ್ನು ನೋಡಿ ನಾವೆಲ್ಲ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದೇವೆ: ಇದರೊಳಗೆ ಹಾಕಿದ್ದು ಉಳಿಯಿತು ಅಂತ. ನನ್ನ ತಕರಾರು ಇರುವುದು ಅಲ್ಲೇ. ಇಚಲಕರಂಜಿಯ ಜವಳಿ ಅಂಗಡಿಗೆ ಹೋಗುವ ನಮ್ಮ ಕಡೆಯ ಹಿರಿಯರು ಬಟ್ಟೆ ಕೊಳ್ಳುವಾಗ 'ತಾಳಿಕೆ ಬಾಳಿಕೆ ಬರ್ತದೇನು' ಅಂತ ಎರಡೂ ಮಾತು ಸೇರಿಸಿ ಕೇಳುತ್ತಾರೆ. ಎಳೆದರೆ ಹರಿಯದಿರುವುದು ತಾಳಿಕೆ, ವರ್ಷಗಟ್ಟಲೆ ಇರುವುದು ಬಾಳಿಕೆ. ಒರಟು ಬಳಕೆಯ ಎಸ್‌ಎಸ್‌ಡಿಗೆ ತಾಳಿಕೆ ಇದೆ. ಬಾಳಿಕೆಯ ಕಥೆ ಬೇರೆ. ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು, ಹೋಗಲು ಗಡಹಿಂಗ್ಲಜಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಊರ ಅಭಿಮಾನ ಅಂದರೂ ಅಡ್ಡಿಯಿಲ್ಲ.

ಗಡಹಿಂಗ್ಲಜ ತಾಲೂಕಿನ ಸಾಮಾನಗಡವನ್ನು ಮರಾಠಿ ಇತಿಹಾಸ ಓದಿದವರು 1844ರ ಗಡಕರಿಗಳ ಬಂಡಾಯದಿಂದ ಬಲ್ಲರು. ಶಾಸನ ಓದುವವರಿಗೆ ಅದೇ ಹೆಸರು ಬೇರೆ ಕಾರಣಕ್ಕೆ ಗೊತ್ತು. ರಾಷ್ಟ್ರಕೂಟ ದಂತಿದುರ್ಗನ ತಾಮ್ರಶಾಸನ ಸಿಕ್ಕಿದ್ದು ಅಲ್ಲಿ. ಶಕ 675, ಅಂದರೆ ಕ್ರಿ.ಶ. 754ರ ಸುಮಾರು. ಜೆ.ಎಫ್. ಫ್ಲೀಟ್ ಅದನ್ನು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದರು. ಭಾಷೆ ಸಂಸ್ಕೃತ, ಲಿಪಿ ನಾಗರಿ. ಬಾದಾಮಿ ಚಾಲುಕ್ಯರನ್ನು ಸೋಲಿಸಿದ ವಿಷಯ ಹೇಳುವಾಗ, ಕಂಚಿ, ಕೇರಳ, ಚೋಳ, ಪಾಂಡ್ಯರನ್ನೂ ಹರ್ಷನನ್ನೂ ಗೆದ್ದಿದ್ದ 'ಕರ್ಣಾಟಕ' ಸೈನ್ಯವನ್ನು ದಂತಿದುರ್ಗ ಕೆಲವೇ ಜನರೊಂದಿಗೆ ಗೆದ್ದ ಅಂತ ಬರುತ್ತದೆ. ಗಡಿಯ ಈ ಕಡೆಯವರು ಆ ಕಡೆಯವರು ಇಬ್ಬರೂ ಈ ಶಾಸನವನ್ನು ತಮ್ಮ ತಮ್ಮ ವಾದಕ್ಕೆ ಎಳೆದುಕೊಳ್ಳಬಹುದು. ಆ ಜಗಳ ಇವತ್ತು ಬೇಡ. ನನಗೆ ಬೇಕಾದದ್ದು ಆ ವಸ್ತು.

ಕಲ್ಲಿನ ಮೇಲೆ ಬರೆಸಬಹುದಿತ್ತಲ್ಲ, ತಾಮ್ರ ಯಾಕೆ? ಕಲ್ಲು ನಿಂತಲ್ಲೇ ನಿಲ್ಲುತ್ತದೆ. ಅದು ಊರಿಗೆ ಹೇಳುವ ಮಾತು. ತಾಮ್ರಪಟ ದಾನ ಪಡೆದವನ ಕೈಯಲ್ಲಿರುವ ಪುರಾವೆ. ಅವನು ಅದನ್ನು ಮನೆಯಲ್ಲಿ ಇಡುತ್ತಾನೆ, ವ್ಯಾಜ್ಯ ಬಂದರೆ ಎತ್ತಿಕೊಂಡು ಹೋಗಿ ತೋರಿಸುತ್ತಾನೆ, ಮಕ್ಕಳಿಗೆ ಬಿಟ್ಟು ಹೋಗುತ್ತಾನೆ. ಯಾಜ್ಞವಲ್ಕ್ಯ ಸ್ಮೃತಿ ದಾನಪತ್ರವನ್ನು ಬಟ್ಟೆಯ ಮೇಲಾದರೂ ಬರೆಸಬಹುದು, ತಾಮ್ರದ ಮೇಲಾದರೂ ಬರೆಸಬಹುದು ಅನ್ನುತ್ತದೆ. ಅದಕ್ಕೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲದವನು. ಗಮನಿಸಿ, ಹೇಳಿದ ಎರಡೂ ವಸ್ತು ಹೊತ್ತೊಯ್ಯುವಂಥವೇ. ಬಟ್ಟೆಯ ಶಾಸನಗಳು ಹೋದವು, ತಾಮ್ರದ್ದು ಉಳಿಯಿತು.

ತಾಮ್ರಪಟದ ಕಟ್ಟಣೆ ನೋಡಿದರೆ ಅದನ್ನು ಮಾಡಿದವರಿಗೆ ಪ್ರಯಾಣದ ಅಪಾಯಗಳು ಚೆನ್ನಾಗಿ ಗೊತ್ತಿದ್ದವು ಅನಿಸುತ್ತದೆ. ಹಲಗೆಗಳ ಅಂಚನ್ನು ಸ್ವಲ್ಪ ಎತ್ತರಿಸಿರುತ್ತಾರೆ, ಒಂದರ ಮೇಲೊಂದು ಉಜ್ಜಿದರೂ ಅಕ್ಷರ ಸವೆಯಬಾರದು ಅಂತ. ಮೊದಲ ಹಲಗೆಯ ಹೊರಮೈ, ಕೊನೆಯದರ ಹೊರಮೈ ಸಾಮಾನ್ಯವಾಗಿ ಖಾಲಿ, ಯಾಕಂದ್ರೆ ಪೆಟ್ಟು ಬೀಳುವುದು ಅಲ್ಲಿಗೆ. ತೂತಿನಲ್ಲಿ ಬಳೆ ತೂರಿಸಿ ಅದರ ಬೆಸುಗೆಯ ಮೇಲೆ ರಾಜಮುದ್ರೆ. ನಡುವೆ ಒಂದು ಹಲಗೆ ಸೇರಿಸಬೇಕಾದರೆ, ತೆಗೆಯಬೇಕಾದರೆ ಬಳೆ ಕತ್ತರಿಸಲೇಬೇಕು, ಕತ್ತರಿಸಿದ್ದು ಕಾಣುತ್ತದೆ. ಅದಕ್ಕೇ ಫ್ಲೀಟ್‌ನಂಥವರು ಶಾಸನ ಪ್ರಕಟಿಸುವಾಗ ಬಳೆ ಮೊದಲೇ ಕತ್ತರಿಸಿತ್ತೋ ಇಲ್ಲವೋ ಅಂತ ತಪ್ಪದೇ ಬರೆಯುತ್ತಾರೆ.

ಆದರೂ ಮೋಸ ನಿಂತಿಲ್ಲ. ಖೊಟ್ಟಿ ತಾಮ್ರಶಾಸನಗಳು ಬೇಕಾದಷ್ಟಿವೆ. ಸಾಮಾನಗಡದ ಪಟದ ಬಗ್ಗೆಯೇ, ಅದರ ನಾಗರಿ ಅಕ್ಷರದ ರೂಪ ಎಂಟನೇ ಶತಮಾನಕ್ಕೆ ಹೊಂದುವುದಿಲ್ಲ, ಇದು ಆಮೇಲೆ ಮಾಡಿದ್ದಿರಬೇಕು ಅಂತ ಲಿಪಿತಜ್ಞರು ಅನುಮಾನ ಎತ್ತಿದ್ದಾರೆ. ಮೂಲ ಸವೆದು ಹೋದಾಗ ಹೊಸ ತಾಮ್ರದ ಮೇಲೆ ಇಳಿಸಿಕೊಳ್ಳುವ ರೂಢಿಯೂ ಇತ್ತು. ಅಂದರೆ ಗಟ್ಟಿಮುಟ್ಟಾದ ತಾಮ್ರದ ವಿಷಯದಲ್ಲೂ ನಾವು ಕೇಳಬೇಕಾದ ಪ್ರಶ್ನೆ 'ಇದು ಮೂಲವೋ ಪ್ರತಿಯೋ, ಪ್ರತಿಯಾದರೆ ಯಾರು ಮಾಡಿದರು' ಎಂಬುದೇ.

ತಾಮ್ರದಲ್ಲಿ ಕಾವ್ಯ ಬರೆಯಲು ಆಗುವುದಿಲ್ಲ. ಭಾರ, ಖರ್ಚು ಎರಡೂ ಹೆಚ್ಚು. ಸಾಹಿತ್ಯ ಓಡಾಡಿದ್ದು ಓಲೆಯ ಮೇಲೆ. ಕಟ್ಟಿಗೆಯ ಎರಡು ಹಲಗೆ, ನಡುವೆ ಗರಿಗಳು, ತೂತಿನಲ್ಲಿ ದಾರ, ಮೇಲೆ ಬಟ್ಟೆ. ಇದನ್ನು ಕಂಕುಳಲ್ಲಿ ಇಟ್ಟುಕೊಂಡು ಊರೂರು ತಿರುಗಬಹುದು. ಲೋಹದ ಕಂಟದಿಂದ ಕೊರೆದು ಮಸಿ ಉಜ್ಜಿದ ಓಲೆಯಲ್ಲಿ ಮಸಿ ಮಾಸಿದರೂ ಗೀರು ಉಳಿಯುತ್ತದೆ, ಮತ್ತೆ ಮಸಿ ಹಚ್ಚಿದರೆ ಓದಲು ಬರುತ್ತದೆ. ಶಾಯಿಯಿಂದ ಬರೆದ ಓಲೆಗೆ ಆ ಅನುಕೂಲ ಇಲ್ಲ. ಎರಡಕ್ಕೂ ಶತ್ರುಗಳು ಒಂದೇ: ನೀರು, ಗೆದ್ದಲು, ಬೆಂಕಿ, ಒಣಗುವಿಕೆ. ಆಗಾಗ ಎಣ್ಣೆ ಸವರದಿದ್ದರೆ ಗರಿ ಪುಡಿಯಾಗುತ್ತದೆ. ಹಳೇ ಲಿಪಿಕಾರರು ಪ್ರತಿಯ ಕೊನೆಗೆ ಪುಸ್ತಕದ ಬಾಯಲ್ಲೇ ಬೇಡಿಕೆ ಆಡಿಸುವುದುಂಟು: ನನ್ನನ್ನು ನೀರಿನಿಂದ, ಎಣ್ಣೆಜಿಡ್ಡಿನಿಂದ, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ ಅಂತ. ಈಗಿನ ಡ್ರೈವ್‌ಗಳ ಮೇಲೆ ಬರೆಯುವ ಐಪಿ ಅಂಕೆಗಳನ್ನು ಓದುವಾಗ ನನಗೆ ಆ ಬೇಡಿಕೆ ನೆನಪಾಗುತ್ತದೆ. ಐಪಿ 67 ಅಂದರೆ ಮೊದಲ ಅಂಕೆ ಧೂಳಿನದು, ಎರಡನೆಯದು ನೀರಿನದು. ಒಂದು ಮೀಟರ್ ಆಳದ ನೀರಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂಬ ಅರ್ಥ. ಮೂರ್ಖನ ಕೈಗೆ ಮಾತ್ರ ಇನ್ನೂ ಅಂಕೆ ಬಂದಿಲ್ಲ.

ಓಲೆ ಇಷ್ಟು ನಾಜೂಕಾದರೆ ಹಳಗನ್ನಡ ಹೇಗೆ ಉಳಿಯಿತು? ಇದಕ್ಕೆ ಒಬ್ಬನೇ ಕವಿಯ ಎರಡು ಕೃತಿ ಸಾಕ್ಷಿ. ಪೊನ್ನನ 'ಶಾಂತಿಪುರಾಣ' ನಮಗೆ ಸಿಕ್ಕಿದೆ, 'ಭುವನೈಕರಾಮಾಭ್ಯುದಯ' ಸಿಕ್ಕಿಲ್ಲ. ಅತ್ತಿಮಬ್ಬೆ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು ಎಂಬುದನ್ನು ನಾವು ಬಿ.ಎ. ಮೊದಲ ವರ್ಷದಿಂದ ದಾನದ ಕಥೆಯಾಗಿ ಓದುತ್ತ ಬಂದಿದ್ದೇವೆ. ದಾನ ಹೌದು. ಆದರೆ ಅದನ್ನು ಒಂದು ತಾಂತ್ರಿಕ ನಿರ್ಧಾರವಾಗಿಯೂ ಓದಬೇಕು. ಸಾವಿರ ಪ್ರತಿ ಸಾವಿರ ಜಾಗದಲ್ಲಿದ್ದರೆ ಒಂದು ಬಸದಿಗೆ ಬೆಂಕಿ ಬಿದ್ದರೂ, ಒಂದು ಊರಿಗೆ ನೆರೆ ಬಂದರೂ ಕಾವ್ಯ ಸಾಯುವುದಿಲ್ಲ. ಒಂದನೇ ಗುಣವರ್ಮನ 'ಶೂದ್ರಕ', 'ಹರಿವಂಶ'ಗಳಿಗೆ ಅಂಥ ಅತ್ತಿಮಬ್ಬೆ ಸಿಗಲಿಲ್ಲ. ಅವು ಈಗ ಬೇರೆಯವರ ಗ್ರಂಥಗಳಲ್ಲಿ ಉದಾಹರಣೆಯಾಗಿ ಬಂದ ಚೂರುಗಳಲ್ಲಷ್ಟೇ ಇವೆ. ಪ್ರತಿಗಳ ಸಂಖ್ಯೆಯೊಂದೇ ಉಳಿವಿಗೆ ಕಾರಣ ಅಂತ ನಾನು ಸಾಧಿಸಲಾರೆ, ಆದರೆ ಅದಕ್ಕಿಂತ ಬಲವಾದ ಕಾರಣ ನನಗೆ ಕಂಡಿಲ್ಲ.

ನಮ್ಮ ಪಕ್ಕದ ಆಜರಾ ತಾಲೂಕಿಗೆ ಬರೋಣ. ಕೊಲ್ಹಾಪುರದ ಶಿಲಾಹಾರ ಗಂಡರಾದಿತ್ಯ ಕಟ್ಟಿಸಿದ ತ್ರಿಭುವನತಿಲಕ ಬಸದಿ ಆಜುರಿಕೆಯಲ್ಲಿತ್ತು. ಅಲ್ಲಿ ಕೂತು ಸೋಮದೇವ ಎಂಬ ಜೈನ ಮುನಿ 1205ರಲ್ಲಿ, ವೀರಭೋಜನ ಆಳ್ವಿಕೆಯಲ್ಲಿ, 'ಶಬ್ದಾರ್ಣವಚಂದ್ರಿಕೆ' ಎಂಬ ಸಂಸ್ಕೃತ ವ್ಯಾಕರಣ ವೃತ್ತಿ ಬರೆದ. ಬರೆದ ಜಾಗ, ರಾಜನ ಹೆಸರು, ಬಸದಿಯ ಹೆಸರು ಇವೆಲ್ಲ ನಮಗೆ ತಿಳಿದದ್ದು ಆ ಗ್ರಂಥದ ಕೊನೆಯ ಮಾತಿನಿಂದ. ಗ್ರಂಥ ಪ್ರತಿಯಿಂದ ಪ್ರತಿಗೆ ಇಳಿದು ಅಚ್ಚಿನ ತನಕ ಬಂತು, ತನ್ನ ವಿಳಾಸವನ್ನು ತಾನೇ ಹೊತ್ತುಕೊಂಡು ಬಂತು. ಇದನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಕೊಲ್ಹಾಪುರದ ಇನ್ನೊಂದು ಉದಾಹರಣೆ ಎ.ಎನ್. ಉಪಾಧ್ಯೆಯವರದು. ಸದಲಗಾದಲ್ಲಿ 1906ರಲ್ಲಿ ಹುಟ್ಟಿ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಿದವರು, 1967ರ ಶ್ರವಣಬೆಳಗೊಳ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಜಟಾಸಿಂಹನಂದಿ ಎಂಬ ಆಚಾರ್ಯನ ಹೆಸರನ್ನು ಪಂಪ, ಚಾವುಂಡರಾಯ ಗೌರವದಿಂದ ನೆನೆಯುತ್ತಾರೆ, ಕೊಪ್ಪಳದ ಗುಡ್ಡದ ಮೇಲೆ ಅವನ ಪಾದದ ಗುರುತು, ಶಾಸನ ಇವೆ. ಅವನ ಕಾವ್ಯ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೊಲ್ಹಾಪುರದ ಲಕ್ಷ್ಮೀಸೇನ ಮಠದ ಓಲೆಕಟ್ಟಿನಲ್ಲಿ ಉಪಾಧ್ಯೆಯವರಿಗೆ 'ವರಾಂಗಚರಿತ' ಕಂಡಿತು. ಅದು ಈ ಜಟಾಸಿಂಹನಂದಿಯದೇ ಅಂತ ಗುರುತಿಸಿ 1938ರಲ್ಲಿ ಪ್ರಕಟಿಸಿದರು. ಸಂಸ್ಕೃತ ಕಾವ್ಯ, ಹಳೇ ಕನ್ನಡ ಲಿಪಿ, ಮರಾಠಿ ಊರಿನ ಮಠ. ಅದೇ ಕಾಲೇಜಿನ ಕೆ.ಜಿ. ಕುಂದಣಗಾರರು ಉತ್ತರ ಕರ್ನಾಟಕದ ಹಾಗೂ ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಸೇರಿಸಿ 1939ರಲ್ಲಿ ಪುಸ್ತಕ ತಂದರು. ನಮ್ಮ ಭಾಗದ ಕನ್ನಡ ಶಾಸನ ಹುಡುಕುವವರಿಗೆ ಇವತ್ತಿಗೂ ಆ ಪುಸ್ತಕ ಬಿಟ್ಟರೆ ಗತಿಯಿಲ್ಲ.

ಈಗ ಹೇಳುವುದು ಇಡೀ ಪ್ರಬಂಧದಲ್ಲಿ ನನ್ನನ್ನು ಹೆಚ್ಚು ಕಾಡಿದ ಪ್ರಸಂಗ. ಇದರ ನಾಯಕ, ಅಥವಾ ಖಳನಾಯಕ, ಮಿರಜಿನವನು.

ಷಟ್ಖಂಡಾಗಮದ ಮೇಲೆ ವೀರಸೇನ ಬರೆದ 'ಧವಲಾ', ಕಷಾಯಪಾಹುಡದ ಮೇಲೆ ವೀರಸೇನ, ಜಿನಸೇನ ಬರೆದ 'ಜಯಧವಲಾ' ಒಂಬತ್ತನೇ ಶತಮಾನದ ರಾಷ್ಟ್ರಕೂಟರ ಕಾಲದ ಟೀಕೆಗಳು. ಇಡೀ ದಿಗಂಬರ ಪರಂಪರೆಗೆ ಇವು ಮೂಲಾಧಾರ. ಆದರೆ ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಇವುಗಳ ಓಲೆಪ್ರತಿ ಇದ್ದದ್ದು ಮೂಡಬಿದಿರೆಯ ಬಸದಿಯಲ್ಲಿ ಮಾತ್ರ. ಹೊಯ್ಸಳರ ಕಾಲದ, ಚಿತ್ರಗಳಿರುವ, ಶಾಯಿಯಲ್ಲಿ ಹಳಗನ್ನಡ ಲಿಪಿಯಿಂದ ಬರೆದ ಓಲೆಗಳು. ಯಾತ್ರಿಕರು ಬಂದು ಕೈಮುಗಿದು ಹೋಗುತ್ತಿದ್ದರು. ಓದುವವರು ಇರಲಿಲ್ಲ. ಗರಿಗಳು ಮುರಿಯತೊಡಗಿದ್ದವು.

ಮುಂಬಯಿಯ ಸೇಠ ಮಾಣಿಕಚಂದ್, ಸೊಲ್ಲಾಪುರದ ಹಿರಾಚಂದ್ ನೇಮಚಂದ್ ಮುಂತಾದವರು ಹಣ ಕೂಡಿಸಿ ಪ್ರತಿ ಮಾಡಿಸಲು ಹೊರಟರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ, ಮಿರಜಿನ ಗಜಪತಿ ಉಪಾಧ್ಯಾಯ ಲಿಪಿಕಾರರಾಗಿ ನಿಂತರು. 1896ರ ಸುಮಾರಿಗೆ ಶುರುವಾದ ಈ ಕೆಲಸ ಬೇರೆ ಬೇರೆ ಕೈಗಳಿಂದ ಸಾಗಿ, ಮೂರನೆಯ ಗ್ರಂಥ 'ಮಹಾಧವಲಾ'ದ ನಾಗರಿ ಪ್ರತಿಯೂ ಸೇರಿ ಮುಗಿದದ್ದು 1922ರಲ್ಲಿ. ಷರತ್ತು ಒಂದೇ: ಪ್ರತಿಯಾದರೂ ಮೂಡಬಿದಿರೆ ಬಿಟ್ಟು ಹೊರಗೆ ಹೋಗಕೂಡದು.

ಗಜಪತಿ ಉಪಾಧ್ಯಾಯ ಹಗಲು ನಾಗರಿ ಪ್ರತಿ ಮಾಡುತ್ತಿದ್ದ. ಅದರ ಜೊತೆಗೇ ಗುಟ್ಟಾಗಿ ತನಗೊಂದು ಕನ್ನಡ ಪ್ರತಿ ಇಳಿಸಿಕೊಂಡ. ಈ ಕೆಲಸದಲ್ಲಿ ಅವನ ಹೆಂಡತಿ ಲಕ್ಷ್ಮೀಬಾಯಿ ನೆರವಾದಳು. ಕೆಲಸ ಮುಗಿದ ಮೇಲೆ ಆ ಪ್ರತಿಯನ್ನು ಸೊಲ್ಲಾಪುರ, ಮುಂಬಯಿಯ ಸೇಠರಿಗೇ ತೋರಿಸಿದ. ಕದ್ದು ಮಾಡಿದ್ದು ತಮಗೆ ಬೇಡ ಅಂತ ಅವರು ಕೊಳ್ಳಲಿಲ್ಲ. ಆಗ ಅದು ಉತ್ತರದ ಸಹಾರನಪುರಕ್ಕೆ ಹೋಯಿತು, ಲಾಲಾ ಜಂಬೂಪ್ರಸಾದ್ ಹಣ ಕೊಟ್ಟು ಪಡೆದು ಮಂದಿರದಲ್ಲಿ ಇಟ್ಟರು. ಅಲ್ಲಿಯವರಿಗೆ ಕನ್ನಡ ಲಿಪಿ ಬರುವುದಿಲ್ಲ, ಹಾಗಾಗಿ ನಾಗರಿಗೆ ಇಳಿಸಲು ಪಂಡಿತರನ್ನು ಇಟ್ಟರು. ಅವರಲ್ಲಿ ಸೀತಾರಾಮ ಶಾಸ್ತ್ರಿ ಎಂಬುವರು, ನೋಡ್ರಿ, ತಮಗೂ ಒಂದು ಪ್ರತಿ ಗುಟ್ಟಾಗಿ ಇಟ್ಟುಕೊಂಡರು! ಆ ಪ್ರತಿಯಿಂದ ಮತ್ತಷ್ಟು ಪ್ರತಿಗಳಾಗಿ ಆರಾ, ಸಾಗರ, ಕಾರಂಜಾ, ಅಮರಾವತಿ ತನಕ ಹರಡಿದವು. ಅಮರಾವತಿಯ ಕಾಲೇಜಿನಲ್ಲಿದ್ದ ಹೀರಾಲಾಲ್ ಜೈನ್ ಈ ಪ್ರತಿಗಳನ್ನು ಆಧರಿಸಿ 1939ರಲ್ಲಿ ಧವಲಾದ ಮೊದಲ ಸಂಪುಟ ತಂದರು, ಒಟ್ಟು 16 ಸಂಪುಟ 1958ರ ಹೊತ್ತಿಗೆ ಮುಗಿದವು. ಸಂಪಾದನೆಗೆ ಕೊಲ್ಹಾಪುರದಿಂದ ಕೈಜೋಡಿಸಿದವರಲ್ಲಿ ಉಪಾಧ್ಯೆಯವರೂ ಇದ್ದರು. ಕೆಲವು ಸಂಪುಟ ಹೊರಬಂದ ಮೇಲೆ ಮೂಡಬಿದಿರೆಯವರು ತಾವಾಗಿ ಓಲೆಯ ಮೂಲದೊಂದಿಗೆ ಹೋಲಿಸಿ ನೋಡಲು ಒಪ್ಪಿದರು. ಆಗ ಪ್ರತಿಯ ಪ್ರತಿಯ ಪ್ರತಿಯಲ್ಲಿ ಬಿಟ್ಟುಹೋಗಿದ್ದ ಪಾಠಗಳು ಸಿಕ್ಕವು.

ಗಜಪತಿ ಮಾಡಿದ್ದು ಕಳ್ಳತನವೇ? ನಮ್ಮ ವಿಭಾಗದಲ್ಲಿ ಈ ವಿಷಯ ಬಂದಾಗಲೆಲ್ಲ ಎರಡು ಗುಂಪಾಗುತ್ತದೆ. ನಂಬಿಕೆಗೆ ದ್ರೋಹ ಆಯಿತು, ಹಣವೂ ಪಡೆದ, ಅದರಲ್ಲಿ ಸಂಶಯ ಇಲ್ಲ. ಆದರೆ ಆ ಪ್ರತಿ ಹೊರಗೆ ಬರದಿದ್ದರೆ ಮುದ್ರಣ ಇನ್ನೂ ಎಷ್ಟು ದಶಕ ತಡವಾಗುತ್ತಿತ್ತೋ. ಮೂಡಬಿದಿರೆಯವರನ್ನು ಬೈಯುವವರಿಗೂ ನಾನು ಒಂದು ಮಾತು ಹೇಳಬೇಕು. ಬಹಳ ಕಾಲ ಆ ಓಲೆಗಳನ್ನು ಕಾದವರು ಅವರೇ. ಹೊರಗೆ ಕೊಟ್ಟ ಗ್ರಂಥ ತಿರುಗಿ ಬರದಿದ್ದ ಅನುಭವ ಯಾವ ಮಠಕ್ಕೆ ಇಲ್ಲ? ನನ್ನ ಅಭಿಪ್ರಾಯದಲ್ಲಿ ತಪ್ಪು ಇದ್ದದ್ದು ಆ ಷರತ್ತಿನಲ್ಲಿ. ಪ್ರತಿ ಮಾಡುವ ಉದ್ದೇಶವೇ ಇನ್ನೊಂದು ಜಾಗದಲ್ಲಿ ಇರಲಿ ಅಂತ. ಮೂಲ, ಪ್ರತಿ ಎರಡನ್ನೂ ಒಂದೇ ಕಟ್ಟಡದಲ್ಲಿ ಇಟ್ಟರೆ ಕೈನೋವು ಬಿಟ್ಟು ಬೇರೇನೂ ಲಾಭ ಇಲ್ಲ. ಲಕ್ಷ್ಮೀಬಾಯಿಯ ಬಗ್ಗೆಯೂ ಇಲ್ಲಿ ಹೇಳಬೇಕು. ಅವಳ ಹೆಸರು ಈ ಕಥೆಯಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ಆ ಕಾಲಕ್ಕೆ ಅಷ್ಟು ದೊಡ್ಡ ಪ್ರಾಕೃತ-ಸಂಸ್ಕೃತ ಗ್ರಂಥವನ್ನು ಕನ್ನಡ ಲಿಪಿಯಲ್ಲಿ ಇಳಿಸಲು ನೆರವಾದ ಹೆಂಗಸಿನ ಅಕ್ಷರಜ್ಞಾನ ಎಂಥದ್ದಿರಬೇಕು? ಅತ್ತಿಮಬ್ಬೆಯ ಬಗ್ಗೆ ಬರೆಯುವ ನಾವು ಇವಳ ಬಗ್ಗೆಯೂ ಬರೆಯಬೇಕಿತ್ತು.

ಒಂದು ಲೆಕ್ಕ ಹೇಳುತ್ತೇನೆ. ಹಳಬರು ಗ್ರಂಥದ ಗಾತ್ರವನ್ನು 32 ಅಕ್ಷರದ ಒಂದು ಮಾನದಿಂದ ಎಣಿಸುತ್ತಿದ್ದರು, ಆ ಮಾನಕ್ಕೇ 'ಗ್ರಂಥ' ಅಂತ ಹೆಸರು. ಲಿಪಿಕಾರನಿಗೆ ಕೂಲಿ ಕೊಡಲೂ ಅದೇ ಅನುಕೂಲ, ಪ್ರತಿಯಲ್ಲಿ ಕಡಿಮೆಯಾಗಿದೆಯೋ ನೋಡಲೂ ಅದೇ. ಧವಲಾ 72,000 ಗ್ರಂಥ ಎಂಬುದು ಪರಂಪರೆಯ ಎಣಿಕೆ. 32ರಿಂದ ಗುಣಿಸಿದರೆ 23,04,000 ಅಕ್ಷರ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಒಂದು ಅಕ್ಷರಕ್ಕೆ ಸರಾಸರಿ ಎರಡು ಸಂಕೇತ ಅಂತ ಹಿಡಿದರೆ ಇಡೀ ಧವಲಾ ಸುಮಾರು 14 ಎಂಬಿ. ಇನ್ನು 50 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲದ ಓಲೆಯ ಒಂದು ಮಗ್ಗುಲನ್ನು 600 ಡಿಪಿಐನಲ್ಲಿ ಬಣ್ಣದ ಟಿಫ್ ಚಿತ್ರವಾಗಿ ತೆಗೆದರೆ ಅದೊಂದೇ 33 ಎಂಬಿ ದಾಟುತ್ತದೆ. ಅಂದರೆ 26 ವರ್ಷದ ಕಥೆಯ ಆ ದೊಡ್ಡ ಟೀಕೆಯ ಪಾಠವೆಲ್ಲ ಒಂದು ಗರಿಯ ಒಂದು ಮಗ್ಗುಲಿನ ಚಿತ್ರದ ಅರ್ಧದಷ್ಟೂ ಇಲ್ಲ! ಇನ್ನೂರು ಗರಿಯ ಒಂದು ಕಟ್ಟಿಗೆ 400 ಮಗ್ಗುಲು, 13 ಜಿಬಿ ಮೀರುತ್ತದೆ. 1 ಟಿಬಿಯ ಡ್ರೈವ್‌ನಲ್ಲಿ ಅಂಥ ಎಪ್ಪತ್ತೈದು ಕಟ್ಟು ಹಿಡಿಸುವುದೂ ಕಷ್ಟ. ನಮಗೆ ದೊಡ್ಡ ಡ್ರೈವ್ ಬೇಕಾಗಿರುವುದು ಓದಲು ಬಾರದ ಕಾರಣಕ್ಕೆ. ಓದಿ ಟೈಪ್ ಮಾಡುವವರಿದ್ದರೆ ಹಳೇ ಪೆನ್‌ಡ್ರೈವ್ ಸಾಕಿತ್ತು.

ಓಲೆಯ ಹೊರಗೆ ಇನ್ನೊಂದು ವಸ್ತು ಇದೆ, ಅದನ್ನು ಬಿಟ್ಟರೆ ಈ ಇತಿಹಾಸ ಅರ್ಧ. ಕಡತ. ಕರ್ನಾಟಕದಲ್ಲಿ ಓದಿದವರಿಗೆ ಕಡತ ಅಂದರೆ ಕಚೇರಿಯ ಫೈಲು. ಗಡಹಿಂಗ್ಲಜದಲ್ಲಿ ಕಚೇರಿ ವ್ಯವಹಾರ ಮರಾಠಿಯಲ್ಲಿ, ಹಾಗಾಗಿ ನಮ್ಮವರ ಬಾಯಲ್ಲಿ ಈ ಶಬ್ದ ಇಲ್ಲ. ಮೂಲದ ಕಡತ ಬಟ್ಟೆಯದು. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಹತ್ತಿ ಬಟ್ಟೆಗೆ ಎರಡೂ ಕಡೆ ಬಳಿದು ಒಣಗಿಸಿ, ಹಿಂದೆ ಮುಂದೆ ಮಡಿಚಿ ಪುಸ್ತಕದ ಹಾಗೆ ಮಾಡುವುದು. ಬರೆಯುವುದು ಬಳಪದಿಂದ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಮೈಸೂರಿನ ಇತಿಹಾಸ ಬರೆದ ಕರ್ನಲ್ ಮಾರ್ಕ್ ವಿಲ್ಕ್ಸ್ ಇದರ ಅಳತೆಯನ್ನೂ ಕೊಟ್ಟಿದ್ದಾನೆ: ಎಂಟು ಅಂಗುಲದಿಂದ ಒಂದಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದ. ಅಂಗಡಿಯವರು ಲೆಕ್ಕ ಬರೆಯುತ್ತಿದ್ದರು, ಶಾನುಭೋಗರು ದಾಖಲೆ ಇಡುತ್ತಿದ್ದರು, ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇತಿಹಾಸಕಾರರಿಗೆ ಆಧಾರ. ಬಿದ್ದರೆ ಒಡೆಯುವುದಿಲ್ಲ, ಮಡಿಚಿ ಬಗಲಲ್ಲಿ ಇಟ್ಟುಕೊಳ್ಳಬಹುದು, ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು, ಮಸಿ ಹಚ್ಚಿ ಹೊಸದು ಮಾಡಬಹುದು. ನನಗೆ ಕೇಳಿದರೆ ಎಸ್‌ಎಸ್‌ಡಿಯ ನಿಜವಾದ ಅಜ್ಜ ಕಡತವೇ, ತಾಮ್ರಪಟ ಅಲ್ಲ. ಎರಡರ ಗುಣವೂ ಒಂದೇ, ದೋಷವೂ ಒಂದೇ. ಸುಲಭವಾಗಿ ಬರೆಯಬಹುದಾದದ್ದು ಸುಲಭವಾಗಿ ಅಳಿಯುತ್ತದೆ.

ಕಾಗದ, ಮೋಡಿ ಲಿಪಿ, ದಪ್ಪ ಬಟ್ಟೆಯ ರುಮಾಲುಗಳಲ್ಲಿ ಕಟ್ಟಿದ ದಫ್ತರಗಳ ಕಾಲವನ್ನು ನಾನು ಇಲ್ಲಿ ಹಾರಿಸಿ ಹೋಗುತ್ತೇನೆ, ಅದನ್ನು ಬಲ್ಲವರು ಇಲ್ಲೇ ಇದ್ದಾರೆ. ಒಂದೇ ಮಾತು: ಆ ಕಾಗದಗಳು ಬಹಳಷ್ಟು ಚೆನ್ನಾಗಿಯೇ ಉಳಿದಿವೆ. ಮೋಡಿ ಓದುವವರು ಕಡಿಮೆ. ವಸ್ತು ಉಳಿದು ಓದು ಹೋಗುವುದೂ ಒಂದು ಬಗೆಯ ನಷ್ಟವೇ.

ಇನ್ನು ಡ್ರೈವ್‌ಗೆ ಬರೋಣ. ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ತಿರುಗುವ ತಟ್ಟೆ, ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓಡುವ ಸೂಜಿಯಂಥ ತಲೆ ಇರುತ್ತದೆ. ನಡೆಯುತ್ತಿರುವಾಗ ಜೋರಾಗಿ ಕುಲುಕಿದರೆ ತಲೆ ತಟ್ಟೆಗೆ ತಾಗಿ ಗೀರು ಬೀಳುತ್ತದೆ. ನಮ್ಮ ರಸ್ತೆಗಳಲ್ಲಿ ಎಸ್‌ಟಿ ಬಸ್ಸಿನಲ್ಲಿ ಓಡಾಡುವವರಿಗೆ ಇದು ಹೊಂದುವ ವಸ್ತುವಲ್ಲ. ಎಸ್‌ಎಸ್‌ಡಿಯಲ್ಲಿ ಅಲುಗಾಡುವ ಭಾಗವೇ ಇಲ್ಲ. ತೋಶಿಬಾದ ಫುಜಿಯೊ ಮಸುಓಕಾ ಕಂಡುಹಿಡಿದ ಫ್ಲ್ಯಾಶ್ ಸ್ಮೃತಿಯ ನ್ಯಾಂಡ್ ಎಂಬ ಬಗೆ 1987ರಲ್ಲಿ ಹೊರಬಂತು. ಈಗಿನ ಎಲ್ಲ ಡ್ರೈವ್‌ಗಳ ಒಳಗೆ ಇರುವುದು ಅದೇ. ಅತಿ ಸಣ್ಣ ಕೋಶಗಳಲ್ಲಿ ವಿದ್ಯುದಾವೇಶವನ್ನು ಕೂಡಿಹಾಕಿ, ಎಷ್ಟು ಆವೇಶ ಇದೆ ಎಂಬುದನ್ನೇ ಅಕ್ಷರವಾಗಿ ಓದುವುದು. ಕೂಡಿಹಾಕಿದ್ದು ನಿಧಾನಕ್ಕೆ ಸೋರುತ್ತದೆ. ಹೆಚ್ಚು ಬಾರಿ ಬರೆದು ಸವೆದ ಕೋಶದಲ್ಲಿ ಬೇಗ ಸೋರುತ್ತದೆ, ಬಿಸಿಲ ಜಾಗದಲ್ಲಿ ಇನ್ನೂ ಬೇಗ. ಜೆಡೆಕ್ ಎಂಬ ಮಾನಕ ಸಂಸ್ಥೆಯ ನಿಯಮದ ಪ್ರಕಾರ, ಸಾಮಾನ್ಯ ಬಳಕೆಯ ಎಸ್‌ಎಸ್‌ಡಿ ತನ್ನ ಬರವಣಿಗೆಯ ಮಿತಿ ಮುಟ್ಟಿದ ಮೇಲೆ ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ದತ್ತಾಂಶ ಹಿಡಿದಿಟ್ಟರೆ ಸಾಕು. ಹೊಸ ಡ್ರೈವ್ ಅದಕ್ಕಿಂತ ಬಹಳ ಹೆಚ್ಚು ತಡೆಯುತ್ತದೆ, ಹೆದರಬೇಕಿಲ್ಲ. ಆದರೆ ನಿಯಮ ಕೇಳುವುದು ಒಂದು ವರ್ಷ, ನಾವು ಮಾತಾಡುತ್ತಿರುವುದು ಎಂಟುನೂರು ವರ್ಷದ ಓಲೆಯ ಬಗ್ಗೆ. ಓಲೆಗೆ ಎಣ್ಣೆ ಸವರುವ ಹಾಗೆ ಇದಕ್ಕೆ ಆಗಾಗ ವಿದ್ಯುತ್ ಕೊಡಬೇಕು, ತೆರೆದು ಓದಿ ನೋಡಬೇಕು, ಕೆಲವು ವರ್ಷಕ್ಕೆ ಹೊಸದಕ್ಕೆ ಇಳಿಸಬೇಕು. ರಬ್ಬರಿನ ಕವಚ ಸೋರುವಿಕೆಯನ್ನು ತಡೆಯುವುದಿಲ್ಲ. ಒಳಗಿನ ತಪ್ಪನ್ನೂ ತಡೆಯುವುದಿಲ್ಲ: 2023ರಲ್ಲಿ ಸ್ಯಾನ್‌ಡಿಸ್ಕ್ ಎಕ್ಸ್‌ಟ್ರೀಮ್ ಪ್ರೊ ಮಾದರಿಯ ಕೆಲವು ಡ್ರೈವ್‌ಗಳು ದತ್ತಾಂಶ ಕಳೆದುಕೊಂಡವು ಎಂಬ ದೂರುಗಳು ಬಂದು ಕಂಪನಿ ಫರ್ಮ್‌ವೇರ್ ತಿದ್ದುಪಡಿ ಹೊರಡಿಸಬೇಕಾಯಿತು. ಗೆದ್ದಲು ಹಿಡಿದರೆ ಅರ್ಧ ಓಲೆಯಾದರೂ ಓದಬಹುದು. ಡ್ರೈವ್ ಕೆಟ್ಟರೆ ಸಾಮಾನ್ಯವಾಗಿ ಎಲ್ಲವೂ ಒಮ್ಮೆಗೇ ಹೋಗುತ್ತದೆ.

ಹಾಗಾದರೆ ಬೇಡವೇ? ಬೇಕು, ತುರ್ತಾಗಿ ಬೇಕು. 2019ರ ಆಗಸ್ಟ್‌ನಲ್ಲಿ ಪಂಚಗಂಗೆ, ಕೃಷ್ಣೆ ಉಕ್ಕಿದ್ದು, 2021ರ ಜುಲೈಯಲ್ಲಿ ಮತ್ತೆ ಬಂದದ್ದು ಇಲ್ಲಿರುವ ಯಾರೂ ಮರೆತಿಲ್ಲ. ಸಾಂಗಲಿಯ ನಗರ ವಾಚನಾಲಯದ ಹಳೇ ಪುಸ್ತಕಗಳು 2019ರಲ್ಲಿ ನೀರುಪಾಲಾದವು. ವಾಚನಾಲಯ ಎಂದರೆ ಪತ್ರಿಕೆಯಲ್ಲಿ ಸುದ್ದಿಯಾದರೂ ಬರುತ್ತದೆ. ಹಿರಣ್ಯಕೇಶಿ ದಂಡೆಯ ಮನೆಗಳಲ್ಲಿ ಅಟ್ಟದ ಮೇಲೋ ದೇವರಮನೆಯಲ್ಲೋ ಇರುವ ಓಲೆಕಟ್ಟು, ವಚನದ ಕೈಬರಹ, ಕನ್ನಡದಲ್ಲಿ ಬರೆದ ಮೆಣಸಿನಕಾಯಿ ಅಡತಿಯ ಲೆಕ್ಕದ ವಹಿ, ಇವು ಒದ್ದೆಯಾದರೆ ಅಂಗಳದಲ್ಲಿ ಒಣಗಿಸಿ ಕೊನೆಗೆ ಒಲೆಗೆ ಹಾಕುತ್ತಾರೆ. ಮನೆಯ ಮಕ್ಕಳು ಮರಾಠಿ ಶಾಲೆಗೆ, ಈಗ ಇಂಗ್ಲಿಷ್ ಶಾಲೆಗೆ ಹೋದವರು. ಅಜ್ಜಿಯ ಜೊತೆ ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅಂಥ ಮನೆಯಲ್ಲಿ ಆ ಕಟ್ಟಿನೊಳಗೆ ಏನಿದೆ ಅಂತ ಯಾರಿಗೆ ಗೊತ್ತಿರುತ್ತದೆ?

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ, ಕ್ಲೌಡ್ ಇರುವಾಗ ಡ್ರೈವ್ ಹೊತ್ತು ತಿರುಗುವುದು ಏಕೆ ಅಂತ. ಆಗಲೇ ಹೇಳಿದ 13 ಜಿಬಿಯ ಒಂದು ಕಟ್ಟನ್ನು ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ಮೇಲೆ ಕಳಿಸಲು ಹೆಚ್ಚುಕಡಿಮೆ ಹದಿನೈದು ತಾಸು ಬೇಕು, ಅದೂ ನಡುವೆ ಕರೆಂಟು ಹೋಗದಿದ್ದರೆ. ಊರಲ್ಲಿ ತೆಗೆದದ್ದನ್ನು ಊರಿನಿಂದ ಹೊರಗೆ ತರಲು ಡ್ರೈವ್ ಬೇಕೇ ಬೇಕು. ಆಮೇಲೆ ಕ್ಲೌಡ್‌ಗೂ ಹಾಕಿ, ಇನ್ನೊಂದು ಡಿಸ್ಕ್‌ಗೂ ಹಾಕಿ, ಬೇಡ ಅನ್ನುವುದಿಲ್ಲ. ಇಳಿಸಿದ ಪ್ರತಿ ಮೂಲದ ಹಾಗೇ ಇದೆಯೇ ಅಂತ ನೋಡಲು ಈಗ ಎಸ್‌ಎಚ್‌ಎ-256ರಂಥ ಲೆಕ್ಕಗಳಿವೆ. ಒಂದು ಬಿಟ್ ತಪ್ಪಿದರೂ ಉತ್ತರ ಬೇರೆ ಬರುತ್ತದೆ. 'ಗ್ರಂಥ' ಎಣಿಸುತ್ತಿದ್ದ ಲಿಪಿಕಾರ ಇದನ್ನು ಕಂಡಿದ್ದರೆ ಕೂಡಲೇ ಅರ್ಥ ಮಾಡಿಕೊಳ್ಳುತ್ತಿದ್ದ.

ಅಧ್ಯಕ್ಷರು ಇನ್ನೊಂದು ಪ್ರಶ್ನೆ ಕೇಳಿದರು: ಮನೆಯವರು ಪ್ರತಿ ತೆಗೆಯಲು ಯಾಕೆ ಒಪ್ಪಬೇಕು? ಸರ್, ಮೂಡಬಿದಿರೆಯ ಪ್ರಶ್ನೆಯೇ ಇದು. ಕಟ್ಟು ಅವರದು, ಅವರ ಮನೆಯಲ್ಲೇ ಇರಬೇಕು. ನಾವು ಚಿತ್ರ ತೆಗೆದು ಡ್ರೈವ್ ಜೇಬಿಗೆ ಹಾಕಿಕೊಂಡು ಹೊರಟರೆ ನಾವೂ ಗಜಪತಿಗಳೇ, ಲಕ್ಷ್ಮೀಬಾಯಿಯ ಶ್ರಮವೂ ಇಲ್ಲದ ಗಜಪತಿಗಳು. ಆ ದಿನವೇ ಒಂದು ಪ್ರತಿ ಮನೆಯವರ ಕೈಗೆ ಕೊಡಬೇಕು. ಇನ್ನೊಂದು ಈ ನದಿಯ ನೀರು ಮುಟ್ಟದ ಬೇರೆ ಊರಲ್ಲಿ ಇರಬೇಕು, ಎಲ್ಲಿ ಅಂತ ಅವರಿಗೆ ತಿಳಿಸಬೇಕು. ಡ್ರೈವ್‌ನ ಜೊತೆ ಒಂದು ಕಾಗದ, ಪೆನ್ಸಿಲ್ಲಿನಲ್ಲಿ ಬರೆದದ್ದು, ಕನ್ನಡದಲ್ಲೂ ಮರಾಠಿಯಲ್ಲೂ: ಇದು ಯಾರ ಮನೆಯದು, ಯಾವ ಊರು, ಎಷ್ಟು ಗರಿ, ಯಾವತ್ತು ತೆಗೆದದ್ದು, ಯಾರು ತೆಗೆದರು. ಆಜುರಿಕೆಯಲ್ಲಿ 1205ರಲ್ಲಿ ಸೋಮದೇವ ತನ್ನ ವ್ಯಾಕರಣದ ಕೊನೆಗೆ ಬರೆದಿಟ್ಟದ್ದೂ ಹೆಚ್ಚುಕಡಿಮೆ ಇಷ್ಟೇ ವಿವರ.